ನೀಲಿ ಬೀಳದ ಕುರ್ಚಿ

ನಾನು ದೇವರುಗಳಿಗೆ ಕುರ್ಚಿ ಹೆಣೆಯುವವನು. ಹೆಸರು ಕೇತಪ್ಪ, ಮೇದಾರ ಓಣಿಯವನು, ವಯಸ್ಸು ಅರವತ್ತು. ನಮ್ಮ ಊರಿನ ಪುರಸಭೆಯಲ್ಲಿ ಸದಸ್ಯರು ಹದಿನೇಳು ಜನ, ಕುರ್ಚಿಗಳು ಮೂವತ್ತನಾಲ್ಕು. ಪ್ರತಿ ಸದಸ್ಯನಿಗೆ ಒಂದು, ಅವನ ಬಲಕ್ಕೆ ಅವನ ದೇವರಿಗೆ ಒಂದು. ಸದಸ್ಯರ ಕುರ್ಚಿ ಪ್ಲಾಸ್ಟಿಕ್ಕಿನದು, ಟೆಂಪೋದಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು ಬರುತ್ತದೆ. ದೇವರ ಕುರ್ಚಿ ಬೆತ್ತದ್ದು, ನನ್ನ ಕೈಯದು. ಈ ಮಾತು ಹೇಳುವಾಗ ಮೊನ್ನೆಮೊನ್ನೆಯವರೆಗೂ ನನ್ನ ಎದೆ ಉಬ್ಬುತ್ತಿತ್ತು. ಈಗ ಅದೇ ಮಾತು ಹೇಳಲು ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ.

ಆರಿಸಿ ಬಂದವರು ಪ್ರಮಾಣ ಮಾಡುವ ದಿನ ತಮ್ಮ ದೇವರ ಹೆಸರು ಹೇಳಿ ಕುರ್ಚಿಗೆ ಕರೆಯಬೇಕು. ಕುರ್ಚಿಯ ಅಡಿಯಲ್ಲಿ, ಬೆತ್ತಕ್ಕಿಂತ ಅರ್ಧ ಬೆರಳು ಕೆಳಗೆ, ಬಿಳಿ ಬಟ್ಟೆಗೆ ಹಾಕುವ ನೀಲಿಯ ಪುಡಿ ಸವರಿದ ದಾರವನ್ನು ಬಿಗಿದು ಕಟ್ಟುತ್ತಾರೆ. ಆಮೇಲೆ ಸಭಾಂಗಣಕ್ಕೆ ಮೂರು ದಿನ ಬೀಗ. ನಾಲ್ಕನೆಯ ದಿನ ಎಲ್ಲರ ಮುಂದೆ ಕುರ್ಚಿ ಮಗುಚಿ ನೋಡುತ್ತಾರೆ. ದೇವರು ಬಂದು ಕೂತಿದ್ದರೆ ಬೆತ್ತ ಜೋತು ದಾರಕ್ಕೆ ತಗುಲಿ, ಅಡಿಯಲ್ಲಿ ನೀಲಿ ಗೆರೆ ಬಿದ್ದಿರುತ್ತದೆ. ನೀಲಿ ಬಿದ್ದವನು ಸದಸ್ಯ. ಬೀಳದವನು ಎಷ್ಟೇ ಓಟು ತಗೊಂಡಿರಲಿ, ಮನೆಗೆ ಹೋಗುತ್ತಾನೆ, ಎರಡನೆಯವನು ಬಂದು ಕೂರುತ್ತಾನೆ.

ಇದು ನಮಗೆ ವಿಚಿತ್ರ ಅನ್ನಿಸಿದ್ದೇ ಇಲ್ಲ. ಹೆಣ್ಣು ನೋಡಲು ಬಂದವರು ಕೂಡ 'ನಿಮ್ಮ ಮನೆತನದಲ್ಲಿ ಯಾರಿಗಾದರೂ ನೀಲಿ ಬಿದ್ದಿದೆಯೇ' ಎಂದು ಮೊದಲು ವಿಚಾರಿಸುತ್ತಾರೆ. ಯಾವ ದೇವರಾದರೂ ನಡೆಯುತ್ತದೆ, ಅದೇ ನಮ್ಮ ಊರಿನ ಹೆಮ್ಮೆ. ಒಬ್ಬ ಸದಸ್ಯ ಹುತ್ತವನ್ನು ಕರೆದಿದ್ದ, ನೀಲಿ ಬಿತ್ತು. ಇನ್ನೊಬ್ಬ ಅಜ್ಜಿಯ ಒರಳುಕಲ್ಲನ್ನು ಕರೆದ, ಅದಕ್ಕೂ ಬಿತ್ತು. ಆಕಾರವೇ ಇಲ್ಲದ ನಮ್ಮ ದೇವರಿಗೆ ಕುರ್ಚಿ ಯಾಕೆಂದು ವಾದ ಮಾಡಿದವರೂ ಇದ್ದರು. ಅವರ ಕುರ್ಚಿಗೂ ನೀಲಿ ಬಿದ್ದ ಮೇಲೆ ವಾದ ಅಲ್ಲಿಗೇ ನಿಂತಿತು. ಒಂದು ದೇವರ ಕುರ್ಚಿ ಇನ್ನೊಂದಕ್ಕಿಂತ ಒಂದು ನೂಲಿನಷ್ಟು ಎತ್ತರವಾದರೂ ನನ್ನ ಚರ್ಮ ಸುಲಿಯುತ್ತಿದ್ದರು. ಹೊರಗಿನಿಂದ ಬಂದ ಅಧಿಕಾರಿಗಳಿಗೆ ನಾವು ಸಭಾಂಗಣ ತೋರಿಸಿ, ಇಷ್ಟು ದೇವರು ಒಂದೇ ಸಾಲಿನಲ್ಲಿ ಕೂರುವ ಊರು ಬೇರೆ ಎಲ್ಲಾದರೂ ಇದೆಯೇ ಎಂದು ಕೇಳುತ್ತಿದ್ದೆವು.

ನನ್ನ ಕೆಲಸದಲ್ಲಿ ಕಟ್ಟಳೆ ಒಂದೇ. ದೇವರ ಕುರ್ಚಿಯ ಬೆತ್ತಕ್ಕೆ ನೀರು ಸೋಕಬಾರದು. ಮನುಷ್ಯರ ಕುರ್ಚಿಗಾದರೆ ಬೆತ್ತವನ್ನು ಒಂದು ಹಗಲು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹೆಣೆಯುತ್ತೇವೆ. ಒಣಗುತ್ತಾ ಅದು ಬಿಗಿದುಕೊಂಡು ತಮಟೆಯ ಚರ್ಮದಂತಾಗುತ್ತದೆ. ದೇವರ ಕುರ್ಚಿಯ ವಿಷಯದಲ್ಲಿ ಹಿಂದೆ ಯಾವಾಗಲೋ, ಯಾರ ಬಾವಿಯ ನೀರಿನಲ್ಲಿ ನೆನೆಸಬೇಕು ಎಂದು ಹಿರಿಯರಲ್ಲಿ ಜಗಳ ಹತ್ತಿತಂತೆ. ನಮ್ಮ ಬಾವಿ, ನಿಮ್ಮ ಬಾವಿ ಎಂದು ಬಡಿಗೆ ಹಿಡಿದು ನಿಂತರಂತೆ. ಕೊನೆಗೆ ಯಾರ ನೀರೂ ಬೇಡ, ಒಣಬೆತ್ತದಲ್ಲೇ ಹೆಣೆಯಲಿ ಎಂದು ತೀರ್ಮಾನವಾಯಿತು. ಅಪ್ಪ ಹಾಗೆ ಹೆಣೆದ, ನಾನೂ ಹಾಗೆ ಹೆಣೆದೆ. ಒಣಬೆತ್ತ ಬೆರಳನ್ನು ಕೊಯ್ಯುತ್ತದೆ. ದೇವರಿಗಾಗಿ ರಕ್ತ ಬಂದರೇನು ಎನ್ನುತ್ತಿದ್ದ ಅಪ್ಪ.

ನನ್ನ ಕಾಲದಲ್ಲಿ ನೀಲಿ ಬೀಳದೆ ಹೋದದ್ದು ಒಬ್ಬನಿಗೆ ಮಾತ್ರ, ಸಖಾರಾಮಣ್ಣ ಶಿಂಪಿಗೆ. ನಲವತ್ತೊಂದು ವರ್ಷದ ಹಿಂದಿನ ಮಾತು. ನಾನು ಅಪ್ಪನ ಸಹಾಯವಿಲ್ಲದೆ ಹೆಣೆದ ಮೊದಲನೆಯ ದೇವರ ಕುರ್ಚಿ ಅವನದೇ. ಕೊರಳಲ್ಲಿ ತುಳಸಿಮಾಲೆ, ಹೊಲಿಗೆಯಂತ್ರ ತುಳಿಯುವಾಗಲೂ ಬಾಯಲ್ಲಿ ವಿಠಲ, ಏಕಾದಶಿಗೆ ಹನಿ ನೀರೂ ಇಲ್ಲ. ಅಂಥವನು ಕರೆದ ಮೇಲೂ ಕುರ್ಚಿಯ ಅಡಿ ಬೆಳ್ಳಗೇ ಉಳಿಯಿತು. 'ನಮ್ಮ ವಿಠಲ ಇಟ್ಟಂಗಿ ಮ್ಯಾಲೆ ನಿಂತಾಂವ, ಕೂಡಾಂವಲ್ಲರಿ' ಎಂದು ಅವನ ಹೆಂಡತಿ ರುಕ್ಮಾಬಾಯಿ ಎಲ್ಲರ ಮುಂದೆ ಅತ್ತಳು. ಏಳು ದಿನದೊಳಗೆ ಇನ್ನೊಂದು ಪರೀಕ್ಷೆ ಕೇಳಬಹುದಿತ್ತು. 'ಬಾರದವನನ್ನು ಎರಡನೇ ಸಲ ಕರೆಯಲು ನಾನು ಯಾರು' ಎಂದು ಅವನು ಆ ಪರೀಕ್ಷೆ ಕೇಳಲಿಲ್ಲ. ತುಳಸಿಮಾಲೆ ಬಿಚ್ಚಿ ವಿಠಲನ ಗುಡಿಯ ಪೂಜಾರಿಗೆ ಒಪ್ಪಿಸಿದ. ಅಂದಿನಿಂದ ಗುಡಿಯ ಒಳಗೆ ಕಾಲಿಟ್ಟಿಲ್ಲ. ದಿನಾ ಸಂಜೆ ಭಜನೆಯ ಹೊತ್ತಿಗೆ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕಿ ಎದ್ದು ಹೋಗುತ್ತಾನೆ. ರುಕ್ಮಾಬಾಯಿ ಸತ್ತ ಮೇಲೂ ಅದೇ ಮೆಟ್ಟಿಲು. ಈಗ ಅವನಿಗೆ ಎಪ್ಪತ್ತಾರು.

ಈ ಸಲ ಕೆಳಗಿನ ಓಣಿಯ ಉಪಚುನಾವಣೆಯಲ್ಲಿ ಫಕೀರವ್ವ ಗೆದ್ದಳು. ಹಿಟ್ಟಿನ ಗಿರಣಿ ನಡೆಸುವ ಹೆಂಗಸು, ಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು. ಆ ಓಣಿಯಲ್ಲಿ ಗಟಾರ ಒಡೆದು ಕುಡಿಯುವ ನೀರಿನ ಪೈಪಿಗೆ ಸೇರಿ ಆರು ವರ್ಷವಾಯಿತು. ಪ್ರತಿ ಬೇಸಿಗೆಗೆ ಇಬ್ಬರೋ ಮೂವರೋ ವಾಂತಿಭೇದಿಯಲ್ಲಿ ಹೋಗುತ್ತಾರೆ. ಗಟಾರದ ಕಂತ್ರಾಟು ಹಿಡಿದು ಕೆಲಸ ಮಾಡದವನೇ ಅವಳ ಎದುರು ನಿಂತು ಸೋತ. ಸುದ್ದಿ ಕೇಳಿದ ದಿನವೇ ನಾನು ಒಣಬೆತ್ತ ತೆಗೆದು ಅವಳ ದೇವರಿಗೆ ಕುರ್ಚಿ ಹೆಣೆದು ಮುಗಿಸಿದೆ. ಯಾವ ದೇವರಾದರೇನು, ಕುರ್ಚಿ ಎಲ್ಲರಿಗೂ ಒಂದೇ.

ಮರುದಿನ ಬೆಳಿಗ್ಗೆ ಅವಳೇ ನನ್ನ ಅಂಗಡಿಗೆ ಬಂದಳು. ತಯಾರಾದ ಕುರ್ಚಿಯನ್ನು ಒಮ್ಮೆ ನೋಡಿ, ಗಿರಣಿಗೆ ಇವತ್ತು ಕರೆಂಟಿಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದಳು: "ಕಾಕಾ, ನನಗ ದೇವರಿಲ್ಲ."

ಚಹಾ ತರುತ್ತಿದ್ದ ನನ್ನ ಹೆಂಡತಿ ರುದ್ರವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯ, ಏನ ಆತವಾ ನಿನಗ? ಯಾರರ ಸತ್ರೇನು?"

"ಯಾರೂ ಸತ್ತಿಲ್ಲ ಚಿಗವ್ವ. ಗಂಡ ಛಲೋ ಅದಾನ, ಮಕ್ಕಳು ಛಲೋ ಅದಾವ, ಗಿರಣಿ ನಡದೈತಿ. ಸುಮ್ನ ಇಲ್ಲ, ಅಷ್ಟ. ಸಣ್ಣಾಕಿ ಇದ್ದಾಗಿಂದಾನೂ ಇಲ್ಲ. ಗುಡಿಗೆ ಹೋದ್ರ ಎಲ್ಲಾರೂ ಕಣ್ಣು ಮುಚ್ಚತಿದ್ರು, ನಾ ಅವರ ಮಾರಿ ನೋಡ್ಕೋತ ನಿಂದರತಿದ್ದೆ."

"ನಿನ್ನ ಹೆಸರಿನಾಗ ಫಕೀರಸ್ವಾಮಿ ಅದಾನಲ್ಲ," ಎಂದೆ ನಾನು. "ಅವನ ಹೆಸರು ಹೇಳಿಬಿಡು."

"ಅದು ನಮ್ಮವ್ವ ಇಟ್ಟ ಹೆಸರು. ಅಕೀ ದೇವರು ಅಕೀಗೆ."

"ಹಂಗಾರ ಗಿರಣಿ ಕಲ್ಲು ಅನ್ನು. ಒರಳುಕಲ್ಲು ನಡದೈತಿ, ಗಿರಣಿ ಕಲ್ಲು ನಡ್ಯಾಂಗಿಲ್ಲೇನು?"

ಅವಳು ನಕ್ಕುಬಿಟ್ಟಳು. "ಆ ಕಲ್ಲಿಗೆ ತಿಂಗಳಿಗೊಮ್ಮೆ ನಾನ ಉಳಿ ಹಿಡದು ಕುಟ್ಟತೀನಿ ಕಾಕಾ. ಅದನ್ನ ದೇವರು ಅಂತ ಹೆಂಗ ಅನ್ಲಿ? ಮಂದಿ ನನಗ ಓಟು ಹಾಕಿದ್ದು ಸುಳ್ಳು ಹೇಳಾಂಗಿಲ್ಲ ಅಂತ. ಒಳಗ ಕಾಲಿಡೂ ದಿನಾನ ಸುಳ್ಳು ಹೇಳ್ಲೇನು? ಕುರ್ಚಿ ಇಡಬೇಕಂತ ಕಾಯ್ದೆ ಐತಿ, ಇಡೋಣು. ಆದ್ರ ಇಂಥಾದ್ದು ಬ್ಯಾಡ. ಮಂದಿ ಕೂಡೂ ಹಂಗ ಗಟ್ಟಿ ಇರಲಿ. ತಕರಾರು ತಗೊಂಡು ಬರೂ ಮುದುಕ್ಯಾರು ಅಲ್ಲಿ ನಿಂತ ನಿಂತ ಸಾಕಾಗತಾರ. ನಾಳೆ ಅವರರ ಕೂಡ್ಲಿ."

ಅವಳು ಹೋದ ಮೇಲೆ ರುದ್ರವ್ವ ಲೋಟಗಳನ್ನು ನೆಲದ ಮೇಲಿಟ್ಟು ಕೈ ಮುಗಿದಳು. ಚಹಾ ಆರಿ ಹೋಯಿತು. ದೇವರ ಮೇಲೆ ಸಿಟ್ಟಾದವರನ್ನು ಕಂಡಿದ್ದೆ, ಕುಡಿದು ಬೈದವರನ್ನು ಕಂಡಿದ್ದೆ. ಏನೂ ಆಗದೆ, ನಗುನಗುತ್ತಾ ಇಲ್ಲ ಎಂದವರನ್ನು ಅರವತ್ತು ವರ್ಷದಲ್ಲಿ ಕಂಡಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ದೇವರಿಲ್ಲದವಳಿಗೆ ದೇವರ ಕುರ್ಚಿ ಯಾಕೆ ಎಂದು ತಯಾರಾದದ್ದನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ಬಕೆಟ್ಟಿನಲ್ಲಿ ಹೊಸ ಬೆತ್ತ ನೆನೆಹಾಕಿದೆ. ಯಾವ ದೇವರೂ ಕೂರದ ಕುರ್ಚಿಗೆ ಮಡಿ ಯಾತರದು? ಸಿಟ್ಟಿನಲ್ಲಿ ಹೆಣೆದರೂ ಕೈ ತನ್ನ ಕೆಲಸ ಕೆಡಿಸಲಿಲ್ಲ. ಎರಡು ಆನೆ ಕೂತರೂ ತಡೆಯುವಂಥ ಕುರ್ಚಿ ಆಯಿತು.

ಪ್ರಮಾಣದ ದಿನ ಅವಳು ಎಲ್ಲರ ಮುಂದೆ, ತಾನು ಯಾರನ್ನೂ ಕರೆಯುವುದಿಲ್ಲ, ಓಟು ಹಾಕಿದವರ ಮೇಲೆ ಆಣೆ ಮಾಡುತ್ತೇನೆ ಎಂದಳು. ಸಭೆಯಲ್ಲಿ ಗದ್ದಲವೋ ಗದ್ದಲ. ಮೂರು ದಿನ ಬೀಗ ಬಿತ್ತು. ನಾಲ್ಕನೆಯ ದಿನ ಕುರ್ಚಿ ಮಗುಚಿದರು. ಬೆತ್ತ ಬೆಳ್ಳಗೆ, ಬಿಗಿಯಾಗಿ, ನಾನು ಕೊಟ್ಟ ಹಾಗೇ ಇತ್ತು.

ಅಧ್ಯಕ್ಷ ಅಂದಾನಗೌಡರು ಒಳ್ಳೆಯ ಮನುಷ್ಯರು. ಅವರು ಬೈಯಲಿಲ್ಲ, ಕನಿಕರದಿಂದಲೇ ಹೇಳಿದರು: "ತಂಗಿ, ನಮ್ಮ ಊರಾಗ ಯಾ ದೇವರಿಗೂ ಬ್ಯಾಡ ಅಂದಿಲ್ಲ. ಹುತ್ತಕ್ಕ ಜಾಗಾ ಐತಿ, ಒರಳಿಗೆ ಜಾಗಾ ಐತಿ. ಎಲ್ಲಾರಿಗೂ ಅವರವರ ಸ್ವಾತಂತ್ರ್ಯ ಐತಿ. ನಿನಗ ಯಾರೂ ಇಲ್ಲಂದ್ರ ನಾವು ಜಾಗಾ ಕೊಡೂದು ಯಾರಿಗೆ?"

"ನನಗ ಕೊಡ್ರಿ," ಎಂದಳು ಫಕೀರವ್ವ. "ಮುನ್ನೂರು ಮನಿಯವರು ಆರಿಸಿದ್ದು ನನ್ನ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ. ಏಳು ದಿನ ಬಿಟ್ಟು ಕಂತ್ರಾಟುದಾರನಿಗೆ ಪ್ರಮಾಣ ಎಂದು ಸಾರಿದರು. ಅವಳು ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಗಿರಣಿಗೆ ಹೋದಳು. ಸಂಜೆ ಆ ಕಡೆ ಹೋದಾಗ ನೋಡಿದೆ, ಜೋಳ ಬೀಸಿಸಲು ಬಂದ ಮುದುಕಿಯೊಬ್ಬಳು ಅದರ ಮೇಲೆ ಕಾಲು ಮಡಚಿಕೊಂಡು ಆರಾಮಾಗಿ ಕೂತಿದ್ದಳು.

ಮಾರನೆಯ ದಿನ ರುದ್ರವ್ವ ಮೊರ ಬೇಕು ಎಂದು ನನ್ನನ್ನು ಅಟ್ಟ ಹತ್ತಿಸಿದಳು. ಮೊರದ ಪಕ್ಕ, ಆವತ್ತು ನಾನು ಎಸೆದಿದ್ದ ಒಣಬೆತ್ತದ ಕುರ್ಚಿ ಇತ್ತು. ಬೆಳಕಿಂಡಿಯಿಂದ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಬೆತ್ತ ಒಂದು ಬೆರಳಿನಷ್ಟು ಜೋತು, ಹೊಟ್ಟೆ ಬಿಟ್ಟಿತ್ತು.

ನಾನು ಮೊರ ಅಲ್ಲೇ ಬಿಟ್ಟು ಕಿರುಚಿದೆ. ರುದ್ರವ್ವ ಓಡಿ ಬಂದಳು. ಕುರ್ಚಿಯನ್ನು ಕೆಳಗಿಳಿಸಿ ಅಂಗಡಿಯ ನಡುವೆ ಇಟ್ಟೆವು. ಯಾರೂ ಕರೆಯದೆ, ಯಾರ ಹೆಸರೂ ಹೇಳದೆ, ನಮ್ಮ ಮೊರ ಬುಟ್ಟಿಗಳ ನಡುವೆ ಯಾವ ದೇವರೋ ಬಂದು ಕೂತು ಹೋಗಿದ್ದ! ರುದ್ರವ್ವ ಊದಿನಕಡ್ಡಿ ಹಚ್ಚಿದಳು. ನಾನು ತಲೆಗೆ ಸುತ್ತಿದ್ದ ಟವೆಲು ತೆಗೆದು ಅಡ್ಡಬಿದ್ದೆ. ಬಡವರ ಮನೆಯ ಅಟ್ಟಕ್ಕೆ ಬಂದನಲ್ಲಾ ಎಂದು ಕಣ್ಣಲ್ಲಿ ನೀರು ಬಂತು.

ಅಡ್ಡಬಿದ್ದಾಗ ಮುಖ ಕುರ್ಚಿಯ ಅಡಿಗೆ ಬಂತು. ಜೋತ ಬೆತ್ತ ಕಣ್ಣೆದುರಿಗೇ ಇತ್ತು. ಎಷ್ಟಾದರೂ ಕಸುಬಿನವನ ಕೈ, ಸುಮ್ಮನಿರಲಿಲ್ಲ. ಬೆರಳಿನಿಂದ ಒತ್ತಿ ನೋಡಿತು. ಬೇರೆ ಊರಿನವರು ಹೆಣೆದ ಕುರ್ಚಿ ರಿಪೇರಿಗೆ ಬಂದಾಗ ನನ್ನ ಬಾಯಿಂದ ತಾನಾಗಿ ಹೊರಡುವ ಬೈಗುಳ ಒಂದಿದೆ. ಅದೇ ಹೊರಟಿತು: "ಯಾವ ಹುಚ್ಚಪ್ಯಾಲಿ ಇದನ್ನ ಒಣಾಬೆತ್ತದಾಗ ಹೆಣದಾನ?"

ಹೇಳಿದ ಮೇಲೆ ಕಿವಿಗೆ ಬಿತ್ತು. ರುದ್ರವ್ವನ ಕಿವಿಗೂ ಬಿತ್ತು. ಊದಿನಕಡ್ಡಿ ಹಿಡಿದ ಅವಳ ಕೈ ಹಾಗೇ ನಿಂತಿತು.

ಒಣಬೆತ್ತ ಹೆಣೆದ ದಿನ ಬಿಗಿಯಾಗಿ ಕಾಣುತ್ತದೆ. ಹಗಲ ಬಿಸಿಗೆ, ರಾತ್ರಿಯ ತಂಪಿಗೆ ಮೂರೇ ದಿನದಲ್ಲಿ ಸಡಿಲಾಗಿ ಜೋಲುತ್ತದೆ. ಇದು ಮೇದಾರರ ಮನೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತು. ನನಗೂ ಗೊತ್ತು, ನನ್ನ ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ, ದೇವರ ಕುರ್ಚಿ ಜೋತರೆ ದೇವರ ಭಾರ, ಮನುಷ್ಯರ ಕುರ್ಚಿ ಜೋತರೆ ಒಣಬೆತ್ತ ಎಂದು ಇಷ್ಟು ವರ್ಷ ನಂಬಿದ್ದೆ. ಹೆಣೆದ ಮಾರನೆಯ ದಿನವೇ ಅವು ಸಭಾಂಗಣಕ್ಕೆ ಹೋಗುತ್ತಿದ್ದವು. ಯಾರನ್ನೂ ಕರೆಯದ ದೇವರ ಕುರ್ಚಿಯೊಂದು ನನ್ನ ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಉಳಿದದ್ದು ಇದೇ ಮೊದಲು. ನಾನು ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಸಖಾರಾಮಣ್ಣನ ಕುರ್ಚಿ ನೆನಪಾಯಿತು. ನನಗೆ ಹತ್ತೊಂಬತ್ತು ವರ್ಷ. ಅಪ್ಪನಿಗೆ ಜ್ವರ. ನಾನೊಬ್ಬನೇ ಹೆಣೆಯುತ್ತಿದ್ದೆ, ಹತ್ತೂ ಬೆರಳು ಕೊಯ್ದು ರಕ್ತ ಸೋರುತ್ತಿತ್ತು. ಯಾರೂ ಇಲ್ಲದ್ದು ನೋಡಿ ಬೆತ್ತವನ್ನು ಹಿತ್ತಲಲ್ಲಿ ದನಕ್ಕೆ ನೀರಿಡುವ ಕಲ್ಲುದೋಣಿಯಲ್ಲಿ ನೆನೆಸಿದ್ದೆ, ಒಂದೇ ಒಂದು ಸಲ. ನೀಲಿ ಬೀಳದಿದ್ದಾಗ, ನಾನು ಮಡಿ ಕೆಡಿಸಿದ್ದಕ್ಕೆ ದೇವರು ಮುನಿದನೇನೋ ಎಂದು ಎಂಟು ದಿನ ಹೆದರಿದ್ದೆ. ಆಮೇಲೆ, ನಿಜವಾದ ಭಕ್ತನಾಗಿದ್ದರೆ ಅಷ್ಟಕ್ಕೆಲ್ಲ ಬಿಡುತ್ತಿದ್ದನೇ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಮರೆತೆ. ಮರೆತದ್ದೇ ನನಗೀಗ ಹೆಚ್ಚು ನಾಚಿಕೆ ತರುತ್ತದೆ.

"ಬಾಯಿ ಮುಚ್ಕೊಂಡಿರ್ರಿ," ಎಂದಳು ರುದ್ರವ್ವ. "ಊರಂಬೂ ಊರು ನಿಮ್ಮನ್ನ ಹರಕೊಂಡು ತಿಂತೈತಿ."

ನಾನು ಅವಳ ಮಾತು ಕೇಳಲಿಲ್ಲ, ನೇರ ಗಿರಣಿಗೆ ಹೋದೆ. ಫಕೀರವ್ವ ಪಟ್ಟಾ ಕಳಚಿ ಗಿರಣಿ ನಿಲ್ಲಿಸಿ ಎಲ್ಲ ಕೇಳಿದಳು. ಗೆದ್ದೆ ಎಂದು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು, ಹಿಟ್ಟಿನ ಬಿಳಿ ಅಲ್ಲ. ನಾನು ಗಡಿಬಿಡಿಯಲ್ಲಿ ಹೇಳಿದೆ, ಇನ್ನೊಂದು ಪರೀಕ್ಷೆ ಕೇಳು, ಒಣಬೆತ್ತದ ಕುರ್ಚಿ ಇಡೋಣ, ನೀಲಿ ಬೀಳುತ್ತದೆ, ನೀನು ಸದಸ್ಯೆ ಆಗುತ್ತೀ, ಯಾರಿಗೂ ಏನೂ ಹೇಳುವ ಕೆಲಸವಿಲ್ಲ.

ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಹೊರಗೆ ಗಟಾರದ ವಾಸನೆ. ಅವಳಿಗೆ ಆಸೆ ಆಗಿರಲಿಲ್ಲ ಎಂದು ನಾನು ಹೇಳಲಾರೆ, ಅವಳ ಕಣ್ಣು ಆ ಕಡೆಗೇ ಹೋಗಿತ್ತು. ಕೊನೆಗೆ ಹೇಳಿದಳು: "ಕುರ್ಚಿ ಇಡು ಕಾಕಾ. ಆದ್ರ ಇದಕ್ಕ ಯಾರನ್ನೂ ಕರದಿಲ್ಲ ಅಂತ ನಾ ಎಲ್ಲಾರ ಮುಂದ ಹೇಳ್ತೀನಿ. ನೀಲಿ ಬಿದ್ದ ಮ್ಯಾಲೆ ಅದು ಯಾಕ ಬಿತ್ತಂತ ನೀ ಎದ್ದು ನಿಂತು ಹೇಳಬೇಕು."

"ನಾನ?"

"ಕುರ್ಚಿ ನಿಂದಲ್ಲೇನು?" ಎಂದಳು. ತಡೆದು ಕೇಳಿದಳು: "ಸಖಾರಾಮಜ್ಜಗ ಹೇಳಿದೇನು?"

"ಇಲ್ಲ."

"ಮೊದಲು ಅಲ್ಲಿ ಹೋಗು."

ಹೋದೆ. ಅವನು ಎಂದಿನಂತೆ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಭಜನೆ ನಡೆದಿತ್ತು. ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿತ್ತು, ಒಂದು ಪೆಟ್ಟೂ ತಪ್ಪದೆ. ಪಕ್ಕದಲ್ಲಿ ಕೂತೆ. "ಏನೋ ಕೇತ್ಯಾ?" ಎಂದ. "ಏನಿಲ್ಲಣ್ಣ, ಹಿಂಗ ಬಂದಿದ್ದೆ," ಎಂದು ಎದ್ದುಬಂದೆ. ಎರಡನೆಯ ದಿನವೂ ಹೋದೆ, ಅದನ್ನೇ ಹೇಳಿ ಬಂದೆ. ಇಷ್ಟು ಹೇಡಿ ನಾನು ಎಂದು ನನಗೆ ಗೊತ್ತಿರಲಿಲ್ಲ.

ಎರಡನೇ ಪರೀಕ್ಷೆಗೆ ಹೊಸ ಒಣಬೆತ್ತದ ಕುರ್ಚಿ ಹೆಣೆದುಕೊಟ್ಟೆ. ಫಕೀರವ್ವ ಹೇಳಿದ ಹಾಗೇ ಹೇಳಿದಳು: ನನಗೆ ದೇವರಿಲ್ಲ, ಈ ಕುರ್ಚಿಗೆ ಯಾರನ್ನೂ ಕರೆದಿಲ್ಲ. ಬೀಗ ಬಿತ್ತು. ನಾಲ್ಕನೆಯ ದಿನ ಊರಿಗೆ ಊರೇ ಸಭಾಂಗಣದಲ್ಲಿತ್ತು, ಕಿಟಕಿಯ ಸರಳುಗಳಿಗೂ ಜನ ಜೋತುಬಿದ್ದಿದ್ದರು. ಪುರಸಭೆಯ ಮುಖ್ಯಾಧಿಕಾರಿಗಳು ಕುರ್ಚಿ ಮಗುಚಿದರು. ಬೆತ್ತದ ನಡುವೆ, ಕಣ್ಣಿಗೆ ರಾಚುವಂತೆ, ನೀಲಿ ಗೆರೆ ಬಿದ್ದಿತ್ತು.

ಅಂದಾನಗೌಡರು ಎರಡೂ ಕೈ ಮೇಲೆತ್ತಿದರು. "ಕರೀದಿದ್ರೂ ಬಂದಾನ ನೋಡ್ರಪ್ಪಾ! ಇಲ್ಲ ಅಂದಾಕಿ ಪಕ್ಕಕ್ಕೂ ಬಂದು ಕೂತಾನ! ಇಂಥಾ ದೊಡ್ಡ ಮನಸ್ಸು ಎಲ್ಲಿ ನೋಡೀರಿ?"

ಜನ ಜೈ ಎಂದು ಕೂಗಿದರು. ಹೆಂಗಸರು ಕುರ್ಚಿಗೆ ಹೂ ಎಸೆದರು. ನಾನು ಏನೇನೋ ಎಣಿಸಿದ್ದೆ, ಇದನ್ನು ಎಣಿಸಿರಲಿಲ್ಲ. ಹೆಸರು ಗೊತ್ತಿಲ್ಲದ ದೇವರು ಎಂದು ಬರೆದುಕೊಳ್ಳಿ ಎಂದು ಗೌಡರು ಮುಖ್ಯಾಧಿಕಾರಿಗಳಿಗೆ ಹೇಳುತ್ತಿದ್ದರು. ಫಕೀರವ್ವ 'ಅಲ್ಲರಿ, ಅಲ್ಲರಿ' ಎನ್ನುತ್ತಿದ್ದಳು, ಅವಳ ದನಿ ಯಾರಿಗೂ ಕೇಳುತ್ತಿರಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು. ನನಗೆ ಅನ್ನಿಸಿತು, ನಾನು ಬಾಯಿ ಮುಚ್ಚಿಕೊಂಡರೆ ಎಲ್ಲವೂ ಸರಿಹೋಗುತ್ತದೆ. ಅವಳಿಗೆ ಕುರ್ಚಿ, ಓಣಿಗೆ ಗಟಾರ, ಊರಿಗೆ ಪವಾಡ, ನನ್ನ ಕಸುಬಿಗೆ ಮಾನ. ಕಣ್ಣು ತಪ್ಪಿಸಲು ಬಾಗಿಲ ಕಡೆ ನೋಡಿದೆ.

ಬಾಗಿಲ ಹತ್ತಿರ ಸಖಾರಾಮಣ್ಣ ನಿಂತಿದ್ದ. ಕೋಲಿನ ಮೇಲೆ ಎರಡೂ ಕೈ ಊರಿ ಆ ನೀಲಿ ಗೆರೆಯನ್ನೇ ನೋಡುತ್ತಿದ್ದ. ಕರೆಯದವಳ ಪಕ್ಕಕ್ಕೆ ಬಂದ, ಇಲ್ಲ ಎಂದವಳ ಪಕ್ಕಕ್ಕೆ ಬಂದ, ನಾನು ಅತ್ತು ಕರೆದರೂ ನನ್ನ ಕಡೆಗೆ ಮಾತ್ರ ಬರಲಿಲ್ಲ ಎಂಬುದು ಅವನ ಮುಖದ ಮೇಲೆ ಬರೆದಿತ್ತು. ಅಷ್ಟು ಸೋತ ಮುಖ ನಾನು ಹೆಣದ ಮೇಲೂ ನೋಡಿಲ್ಲ. ನನಗೆ ತಡೆಯಲಾಗಲಿಲ್ಲ.

"ನೀರು!" ಎಂದು ಕೂಗಿದೆ. "ಯಾರೂ ಬಂದಿಲ್ರೀ! ನೀರಿಲ್ಲದ ಬೆತ್ತ ಅದು! ಒಣಾಬೆತ್ತ ತಾನ ಜೋಲತೈತಿ!"

ಮೇಜಿನ ಮೇಲೆ ಹತ್ತಿದೆನೋ, ಯಾರಾದರೂ ಹತ್ತಿಸಿದರೋ ನೆನಪಿಲ್ಲ. ಅಟ್ಟದ ಕುರ್ಚಿಯ ವಿಷಯ, ಬಾವಿಯ ಜಗಳದ ವಿಷಯ, ಎಲ್ಲ ಹೇಳಿದೆ. ಬೇಕಿದ್ದರೆ ಹತ್ತು ಕುರ್ಚಿ ಹೆಣೆಯುತ್ತೇನೆ, ಐದು ನೆನೆಸಿ, ಐದು ಒಣಬೆತ್ತದಲ್ಲೇ, ದನದ ಕೊಟ್ಟಿಗೆಯಲ್ಲಿ ಬೀಗ ಹಾಕಿ ನೋಡಿ ಎಂದೆ. ಗದ್ದಲ ಮೆಲ್ಲಗೆ ಇಳಿಯಿತು. ಹದಿನಾರು ಜನ ಸದಸ್ಯರು ತಮ್ಮ ಬಲಗಡೆಯ ಕುರ್ಚಿಯ ಕಡೆ ನೋಡಿದರು. ಅಂದಾನಗೌಡರು ತಮ್ಮ ದೇವರ ಕುರ್ಚಿಯ ಕೈ ಹಿಡಿದುಕೊಂಡು, ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ನಿಂತರು.

"ಹಂಗಾರ ನಮ್ಮ ದೇವರು ಇಲ್ಲೇನೋ?" ಎಂದರು, ಅಷ್ಟು ಸಣ್ಣ ದನಿಯಲ್ಲಿ.

"ಅದನ್ನ ನಾ ಹೆಂಗ ಹೇಳ್ಲಿ ಗೌಡ್ರ? ಅದಾನೋ ಇಲ್ಲೋ ನನಗ ಗೊತ್ತಿಲ್ಲ. ಕುರ್ಚಿಗೂ ಗೊತ್ತಿಲ್ಲ."

ಮುಖ್ಯಾಧಿಕಾರಿಗಳು ಕನ್ನಡಕ ಒರೆಸಿಕೊಂಡರು. "ನೀಲಿ ಬಿದ್ದೈತಿ," ಎಂದರು. "ಬಿದ್ರ ಸದಸ್ಯೆ ಅಂತ ಕಾಯ್ದೆ. ಯಾಕ ಬಿತ್ತಂತ ಕಾಯ್ದೆ ಕೇಳೂದಿಲ್ಲ." ದೇವರ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟು ಫಕೀರವ್ವನಿಂದ ಸಹಿ ಮಾಡಿಸಿಕೊಂಡರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರೂ ತಡೆಯಲೂ ಇಲ್ಲ. ಅವಳು ಸಹಿ ಮಾಡುವಾಗ ಕಾಗದದ ಮೇಲೆ ಹಿಟ್ಟು ಉದುರಿತು.

ಆಗ ಬಾಗಿಲ ಕಡೆಯಿಂದ ದನಿ ಬಂತು. "ಕೇತ್ಯಾ, ನನ್ನ ಕುರ್ಚಿ?"

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಸಖಾರಾಮಣ್ಣ ಮುಂದೆ ಬರಲಿಲ್ಲ, ಅಲ್ಲಿಂದಲೇ ಕೇಳಿದ.

"ನೆನೆಸಿದ್ದೆಣ್ಣ," ಎಂದೆ. "ಬೆರಳು ಕೊಯ್ದಿದ್ವು. ಕದ್ದು ನೆನೆಸಿದ್ದೆ."

ಅವನು ತಲೆ ಅಲ್ಲಾಡಿಸಿದ, ಅರ್ಥವಾಯಿತು ಎನ್ನುವ ಹಾಗೆ. ಕೋಲು ಊರಿಕೊಂಡು ಹೊರಟ. ನಾನು ಮೇಜಿನಿಂದ ಇಳಿದು ಹಿಂದೆಯೇ ಹೋದೆ. ಹೊಡೆಯಲಿ, ಉಗುಳಲಿ ಎಂದುಕೊಂಡೇ ಹೋದೆ. ಅವನು ಪೇಟೆಯ ಬೀದಿ ದಾಟಿದ, ಗುಡಿಯ ಮೆಟ್ಟಿಲ ಹತ್ತಿರ ಬಂದ. ನಡು ಮಧ್ಯಾಹ್ನ, ಗುಡಿಯಲ್ಲಿ ಯಾರೂ ಇರಲಿಲ್ಲ. ತಾನು ದಿನಾ ಕೂರುವ ಮೆಟ್ಟಿಲನ್ನು ನೋಡಿದ. ನಲವತ್ತೊಂದು ವರ್ಷ ಕೂತು ಆ ಜಾಗದ ಕಲ್ಲು ನುಣುಪಾಗಿತ್ತು. ಕೋಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಹೊಸ್ತಿಲ ತನಕ ಹೋಗಿ ನಿಂತ. ಒಳಗೆ ಎಣ್ಣೆದೀಪದ ಬೆಳಕಿನಲ್ಲಿ ವಿಠಲ ಸೊಂಟದ ಮೇಲೆ ಕೈಯಿಟ್ಟು ಇಟ್ಟಿಗೆಯ ಮೇಲೆ ನಿಂತಿದ್ದ.

"ನಾ ಹೊರಗ ಕೂತೆ," ಎಂದ ಸಖಾರಾಮಣ್ಣ. "ಅವ ಒಳಗ ನಿಂತಾ."

ನಾನು ಅವನ ಕಾಲಿಗೆ ಬಿದ್ದೆ, ತಪ್ಪಾಯಿತು ಎಂದು ಅತ್ತೆ. ಅವನು ಕಾಲು ಎಳೆದುಕೊಂಡ. "ಅದನ್ನ ಆಮ್ಯಾಲೆ ನೋಡೋಣು. ನನ್ನ ಕೈಲಿ ಆಗತೈತೋ ಇಲ್ಲೋ ಗೊತ್ತಿಲ್ಲ," ಎಂದ. ದನಿ ಗಟ್ಟಿಯಾಗಿಯೇ ಇತ್ತು. "ರುಕ್ಮಿ ಇದ್ದಿದ್ರ ಅಕೀಗೆ ಹೇಳ್ತಿದ್ದೆ. ಈಗ ನಿನಗ ಹೇಳ್ತೀನಿ. ಒಂದು ಕುರ್ಚಿ ಹೆಣದು ಕೊಡು. ಮಂದಿ ಕೂಡೂ ಅಂಥಾದ್ದು, ನೆನೆಸಿದ ಬೆತ್ತದ್ದು. ಜೋಲಬಾರದು."

"ಯಾರಿಗಣ್ಣ?" ಎಂದೆ. ನನ್ನ ಬುದ್ಧಿ ನೆಟ್ಟಗಿರಲಿಲ್ಲ.

ಅವನು ಒಳಗೆ ಬೆರಳು ಮಾಡಿದ. "ನಲವತ್ತೊಂದು ವರ್ಷ ನನ್ನ ದಾರಿ ನೋಡ್ಕೋತ ನಿಂತಾನಲ್ಲೋ. ಕಾಲು ನೊಂದಿರತಾವ."

ಹೇಳಿ ಹೊಸ್ತಿಲು ದಾಟಿದ. ನಾನು ಮನೆಗೆ ಬಂದು ಬಕೆಟ್ಟಿಗೆ ನೀರು ತುಂಬಿಸಿ ಬೆತ್ತ ನೆನೆಹಾಕಿದೆ. ಯಾರ ಬಾವಿಯ ನೀರು ಎಂದು ರುದ್ರವ್ವ ಕೇಳಲಿಲ್ಲ.